ಮಾನದ ಮೇಲೆ ಇಟ್ಟ ಆಣೆ

ಮೂರು ಬೆರಳನ್ನೆತ್ತಿ, ಕಿರುಬೆರಳ ಮೇಲೆ ಹೆಬ್ಬೆರಳನ್ನು ಮಡಿಸಿ, ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ತನ್ನ ಮಾನದ ಮೇಲೆ ಆಣೆಯಿಟ್ಟು ಮಾತು ಕೊಡುತ್ತಾನೆ. ದೇವರಿಗೂ ದೇಶಕ್ಕೂ ಸಲ್ಲಬೇಕಾದುದನ್ನು ಸಲ್ಲಿಸಲು, ಇತರರಿಗೆ ನೆರವಾಗಲು, ಸ್ಕೌಟು ನಿಯಮದಂತೆ ನಡೆಯಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂಬುದೇ ಆ ಮಾತಿನ ಸಾರ. ಎತ್ತಿದ ಮೂರು ಬೆರಳು ಈ ಮೂರು ಹೊಣೆಗಳ ಗುರುತು. ಹೆಬ್ಬೆರಳು ಕಿರುಬೆರಳನ್ನು ಮುಚ್ಚಿಕೊಂಡಿರುವುದು, ಬಲವುಳ್ಳವನು ಬಲವಿಲ್ಲದವನನ್ನು ಕಾಯಬೇಕೆಂಬುದರ ಗುರುತು. ನಿಮ್ಮ ಮನೆಯ ಮಗನೋ ಮಗಳೋ ಸ್ಕೌಟು ಅಥವಾ ಗೈಡು ದಳವನ್ನು ಸೇರಿದ್ದರೆ ಈ ವಂದನೆಯನ್ನು ನೀವು ನೋಡಿಯೇ ಇರುತ್ತೀರಿ.

ಇಷ್ಟು ಚಿಕ್ಕ ಮಗುವಿನ ಮಾನಕ್ಕೆ ಏನು ಬೆಲೆ ಎಂದು ಕೆಲವರು ನಗಬಹುದು. ಆದರೆ ನಮ್ಮ ಬೆಂಗಳೂರಿನ ಸ್ಕೌಟು ಚರಿತ್ರೆಯನ್ನು ತಿರುವಿ ನೋಡಿದರೆ, ಅದರುದ್ದಕ್ಕೂ ಕೇಳಿಬರುವ ಪ್ರಶ್ನೆ ಇದೇ ಆಗಿದೆ. ಮಾನವೆಂಬುದು ಯಾರಿಗುಂಟು, ಯಾರಿಗಿಲ್ಲ? ಅದನ್ನು ಅಳೆಯುವವರು ಯಾರು? ಸರಕಾರವೇ, ಗುರುಗಳೇ, ಪರೀಕ್ಷಕರೇ, ಅಥವಾ ಜೊತೆಯಲ್ಲಿ ಉಂಡು ಮಲಗಿ ನಮ್ಮನ್ನು ಬಲ್ಲ ಸಂಗಡಿಗರೇ? ಈ ಪ್ರಶ್ನೆಗೆ ಇದೇ ಊರಿನಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ಸಿಕ್ಕಿವೆ.

ಊರಿನ ಪೂರ್ವಭಾಗದಲ್ಲಿರುವ ಕುಕ್ ಟೌನಿನಲ್ಲಿ ನಿಂತು ಸುತ್ತಲೂ ನೋಡೋಣ. ಒಂದು ಕಡೆ ಫ್ರೇಜರ್ ಟೌನ್, ಇನ್ನೊಂದು ಕಡೆ ಕಾಕ್ಸ್ ಟೌನ್, ಸಮೀಪದಲ್ಲೇ ರಿಚರ್ಡ್ಸ್ ಟೌನ್ ಮತ್ತು ಪೂರ್ವ ಬೆಂಗಳೂರು ರೈಲ್ವೆ ನಿಲ್ದಾಣ. ಹೆಸರುಗಳೆಲ್ಲ ಬ್ರಿಟಿಷರವು. ಬೀದಿಯಲ್ಲಿ ಕಿವಿಗೆ ಬೀಳುವ ಮಾತುಗಳಾದರೋ ತಮಿಳು, ಕನ್ನಡ, ಉರ್ದು, ತೆಲುಗು, ಇಂಗ್ಲಿಷು, ಕೊಂಕಣಿ, ಮಲಯಾಳ. ೧೮೦೯ರಲ್ಲಿ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದ ಹವೆ ಒಗ್ಗದೆ ಇಲ್ಲಿಗೆ ಬಂದು ಬೀಡುಬಿಟ್ಟಿತು. ಸೈನ್ಯದ ಬೆನ್ನಿಗೆ ವ್ಯಾಪಾರಿಗಳು, ಕೂಲಿಕಾರರು, ಗುತ್ತಿಗೆದಾರರು ಬಂದರು. ೧೮೯೮ರ ಪ್ಲೇಗು ಮಾರಿ ಇಕ್ಕಟ್ಟಾದ ಕೇರಿಗಳನ್ನು ತತ್ತರಿಸುವಂತೆ ಮಾಡಿದಮೇಲೆ, ಗಾಳಿ ಬೆಳಕು ಧಾರಾಳವಾಗಿರುವ ಹೊಸ ಬಡಾವಣೆಗಳು ಬೇಕೆಂಬ ಎಚ್ಚರ ಮೂಡಿತು. ೧೯೧೦ರಲ್ಲಿ ಅಡಿಗಲ್ಲು ಕಂಡ ಫ್ರೇಜರ್ ಟೌನು ಅಂತಹ ಎಚ್ಚರದ ಫಲ. ಇಲಿ ನುಗ್ಗದಂತಹ ಮನೆಗಳನ್ನು ಹೇಗೆ ಕಟ್ಟಬೇಕೆಂದು ಜೆ. ಎಚ್. ಸ್ಟೀಫನ್ಸ್ ಎಂಬ ಎಂಜಿನಿಯರರು ಆಗ ಒಂದು ಪುಸ್ತಕವನ್ನೇ ಬರೆದರು. ಹೀಗೆ ಮೇಲೆದ್ದ ಬಡಾವಣೆಗಳ ಸಾಲಿನಲ್ಲಿಯೇ ಕುಕ್ ಟೌನೂ ಸೇರಿದೆ.

ಆ ದಿನಗಳಲ್ಲಿ ಬೆಂಗಳೂರು ಒಂದಲ್ಲ, ಎರಡು. ೧೮೮೧ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿ ಬಂದಾಗಲೂ ದಂಡು ಪ್ರದೇಶ ಮಾತ್ರ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಕಬ್ಬನ್ ಪಾರ್ಕಿನ ಆಚೆಗೆ ಪೇಟೆ, ಈಚೆಗೆ ದಂಡು. ಒಂದಕ್ಕೆ ಮಹಾರಾಜರ ಕಾನೂನು, ಮತ್ತೊಂದಕ್ಕೆ ರೆಸಿಡೆಂಟರ ಕಾನೂನು. ಪುರಸಭೆಗಳು ಬೇರೆ, ಪೊಲೀಸರು ಬೇರೆ, ಶಾಲೆಗಳ ರೀತಿನೀತಿಗಳೂ ಬೇರೆ. ಪೇಟೆಯ ಹುಡುಗನೂ ದಂಡಿನ ಹುಡುಗನೂ ಒಂದೇ ಊರಿನವರಾದರೂ ಒಬ್ಬರ ಮುಖ ಒಬ್ಬರು ನೋಡದೆ ಬೆಳೆಯುವುದು ಸಾಧ್ಯವಿತ್ತು. ಸ್ಕೌಟು ಚಳವಳಿ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಇಂತಹ ಇಬ್ಭಾಗದ ಊರಿನಲ್ಲಿ.

ಈ ಚಳವಳಿಯ ಜನಕ ರಾಬರ್ಟ್ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ. ತರುಣನಾಗಿದ್ದಾಗ ಆತ ಉತ್ತರ ಭಾರತದಲ್ಲಿಯೇ ಕುದುರೆ ಸವಾರರ ದಳದಲ್ಲಿದ್ದವನು. ಕಾಡಿನ ಜಾಡು ಹಿಡಿಯುವುದು, ಗುರುತು ನೋಡಿ ದಾರಿ ತಿಳಿಯುವುದು ಮುಂತಾದ ವಿದ್ಯೆಗಳಲ್ಲಿ ಆಸಕ್ತನಾಗಿದ್ದನು. ಮುಂದೆ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಮಾಫೆಕಿಂಗ್ ಎಂಬ ಊರನ್ನು ಶತ್ರುಗಳು ೨೧೭ ದಿನ ಮುತ್ತಿದ್ದಾಗ ಅದನ್ನು ಕಾಯುವ ಹೊಣೆ ಆತನದಾಯಿತು. ದೊಡ್ಡವರ ಕೊರತೆಯಿಂದ, ಸುದ್ದಿ ಒಯ್ಯುವ ಕೆಲಸವನ್ನು ಅಲ್ಲಿನ ಹುಡುಗರಿಗೇ ವಹಿಸಬೇಕಾಯಿತು. ಆ ಹುಡುಗರು ಗುಂಡಿನ ಸುರಿಮಳೆಯಲ್ಲೂ ಕೆಲಸ ಕೆಡಿಸಲಿಲ್ಲ. ಹುಡುಗರನ್ನು ನಂಬಿ ಹೊಣೆ ಹೊರಿಸಿದರೆ ಅವರು ಅದನ್ನು ಉಳಿಸಿಕೊಳ್ಳುತ್ತಾರೆ ಎಂಬ ಪಾಠವನ್ನು ಬೇಡನ್ ಪೊವೆಲ್ ಅಲ್ಲಿ ಕಲಿತನೆಂದು ಹೇಳಬಹುದು.

೧೯೦೭ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಆತ ಸುಮಾರು ಇಪ್ಪತ್ತು ಹುಡುಗರ ಒಂದು ಶಿಬಿರ ನಡೆಸಿದನು. ಇಲ್ಲೊಂದು ಸಂಗತಿಯನ್ನು ನೀವು ಗಮನಿಸಬೇಕು. ಆ ಹುಡುಗರಲ್ಲಿ ಕೆಲವರು ಶ್ರೀಮಂತರ ದೊಡ್ಡ ಶಾಲೆಗಳವರು, ಉಳಿದವರು ದುಡಿಯುವ ಬಡಜನರ ಮಕ್ಕಳು. ಬೇಕೆಂದೇ ಅವರನ್ನು ಬೆರೆಸಿ ಒಂದೇ ಡೇರೆಯಲ್ಲಿ ಮಲಗಿಸಿ, ಒಂದೇ ಒಲೆಯ ಮೇಲೆ ಅಡಿಗೆ ಮಾಡಿಸಿದ್ದಾಯಿತು. ೧೯೦೮ರಲ್ಲಿ ಹೊರಬಂದ ಆತನ ಪುಸ್ತಕದಲ್ಲಿ, ಸ್ಕೌಟಾದವನು ಎಲ್ಲರಿಗೂ ಮಿತ್ರನು, ಇನ್ನೊಬ್ಬ ಸ್ಕೌಟು ಯಾವ ಅಂತಸ್ತಿನವನೇ ಆಗಲಿ ಅವನಿಗೆ ಸೋದರನು ಎಂಬ ಅರ್ಥದ ನಿಯಮವೂ ಸೇರಿತು.

ಮರುವರ್ಷವೇ, ಎಂದರೆ ೧೯೦೯ರಲ್ಲಿ, ಈ ಚಳವಳಿ ಸಮುದ್ರ ದಾಟಿ ಬೆಂಗಳೂರಿಗೆ ಬಂದಿತು. ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವರು ಇಲ್ಲಿ ಭಾರತದ ಮೊಟ್ಟಮೊದಲ ಸ್ಕೌಟು ದಳವನ್ನು ಕಟ್ಟಿ ಲಂಡನ್ನಿನ ಪ್ರಧಾನ ಕಚೇರಿಯಲ್ಲಿ ನೋಂದಾಯಿಸಿದರು. ದಂಡಿನ ಬಿಷಪ್ ಕಾಟನ್ ಬಾಲಕರ ಶಾಲೆ ಅದರ ನೆಲೆಯಾಯಿತು. ಮುಂದಿನ ಎರಡು ವರ್ಷಗಳಲ್ಲಿ ಪುಣೆಯ ಹತ್ತಿರದ ಕಿರ್ಕಿ, ಸಿಮ್ಲಾ, ಮದರಾಸು, ಜಬಲ್ಪುರಗಳಲ್ಲೂ ದಳಗಳು ಹುಟ್ಟಿದುವು. ೧೯೧೧ರಲ್ಲಿ ಜಬಲ್ಪುರದಲ್ಲಿ ಹೆಣ್ಣುಮಕ್ಕಳ ಮೊದಲ ಗೈಡು ದಳವೂ ಹುಟ್ಟಿತು. ಸ್ಕೌಟು ವಿಷಯದಲ್ಲಿ ಇಡೀ ಭಾರತಕ್ಕೆ ಬೆಂಗಳೂರೇ ಹಿರಿಯಣ್ಣ. ಇದು ನಮಗೆ ಹೆಮ್ಮೆಯ ವಿಷಯ.

ಆದರೆ ಈ ಹೆಮ್ಮೆಗೆ ಒಂದು ಮುಳ್ಳೂ ಉಂಟು. ಆ ಮೊದಲ ದಳಗಳ ಬಾಗಿಲು ತೆರೆದಿದ್ದುದು ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಬಡವ ಬಲ್ಲಿದರನ್ನು ಒಂದೇ ಡೇರೆಯಲ್ಲಿ ಮಲಗಿಸಿದ ಚಳವಳಿ, ನಮ್ಮ ನೆಲಕ್ಕೆ ಕಾಲಿಟ್ಟೊಡನೆ ಹೊಸ್ತಿಲಲ್ಲೇ ಗೆರೆ ಎಳೆಯಿತು. ಕಾರಣ ಊಹಿಸಲಾಗದ್ದೇನೂ ಅಲ್ಲ. ಬಂಗಾಳದ ವಿಭಜನೆಯಾಗಿ ಆಗ ಕೆಲವೇ ವರ್ಷಗಳಾಗಿದ್ದುವು. ಸ್ವದೇಶಿಯ ಕಾವು ಎಲ್ಲೆಡೆ ಹರಡಿದ್ದಿತು. ನಕ್ಷೆ ಓದುವುದು, ಸಂಕೇತ ಕಳಿಸುವುದು, ಗುಟ್ಟಾಗಿ ಜಾಡು ಹಿಡಿಯುವುದು, ಶಿಸ್ತಿನಿಂದ ಒಗ್ಗಟ್ಟಾಗಿ ನಡೆಯುವುದು ಇವೆಲ್ಲವನ್ನೂ ಭಾರತೀಯ ತರುಣರಿಗೆ ಕಲಿಸಿದರೆ ನಾಳೆ ಏನಾದೀತೋ ಎಂಬ ಅಳುಕು ಸರಕಾರಕ್ಕೆ ಇದ್ದಿತು. ಹೀಗಾಗಿ ನಂಬಿಕೆಯೇ ಮೊದಲ ನಿಯಮವಾಗಿದ್ದ ಸಂಸ್ಥೆ ನಾಡಿನ ಮಕ್ಕಳನ್ನು ನಂಬದೆ ಆರಂಭವಾಯಿತು.

ಬಾಗಿಲು ಮುಚ್ಚಿದ್ದರೆ ಬೇರೆ ಮನೆ ಕಟ್ಟಿಕೊಳ್ಳುವುದು ಸ್ವಾಭಿಮಾನಿಗಳ ರೀತಿ. ಉತ್ತರದಲ್ಲಿ ಶ್ರೀರಾಮ ವಾಜಪೇಯಿಯವರು ೧೯೧೩ರಲ್ಲಿ ಷಹಜಹಾನ್‌ಪುರದಲ್ಲಿ ಭಾರತೀಯ ಬಾಲಕರ ದಳವನ್ನು ಕಟ್ಟಿದರು. ಪಂಡಿತ ಮದನಮೋಹನ ಮಾಳವೀಯ, ಪಂಡಿತ ಹೃದಯನಾಥ ಕುಂಜ್ರು ಮುಂತಾದವರು ಅವರ ಜೊತೆಗೂಡಿ ಅಲಹಾಬಾದಿನಲ್ಲಿ ಸೇವಾಸಮಿತಿ ಸ್ಕೌಟು ಸಂಸ್ಥೆಯನ್ನು ಬೆಳೆಸಿದರು. ದಕ್ಷಿಣದಲ್ಲಿ ಆನಿ ಬೆಸೆಂಟರು ಜಾರ್ಜ್ ಅರುಂಡೇಲರ ನೆರವಿನಿಂದ ೧೯೧೬ರಲ್ಲಿ ಮದರಾಸಿನಲ್ಲಿ ಭಾರತೀಯ ಬಾಲಕರ ಸ್ಕೌಟು ಸಂಸ್ಥೆಯನ್ನು ಹುಟ್ಟುಹಾಕಿದರು. ಅಗಲ ಅಂಚಿನ ಟೊಪ್ಪಿಗೆಯ ಬದಲು ಅವರ ಹುಡುಗರು ರುಮಾಲು ಸುತ್ತಿದರು, ಶಿಬಿರದ ಬೆಂಕಿಯ ಸುತ್ತ ಭಾರತೀಯ ಹಾಡುಗಳನ್ನು ಹಾಡಿದರು. ಮರುವರ್ಷ ಹೋಂರೂಲ್ ಚಳವಳಿಗಾಗಿ ಸರಕಾರ ಇದೇ ಬೆಸೆಂಟ್ ಮತ್ತು ಅರುಂಡೇಲರನ್ನು ಉದಕಮಂಡಲದಲ್ಲಿ ಬಂಧನದಲ್ಲಿಟ್ಟಿತು ಎಂಬುದನ್ನು ನೆನೆದರೆ, ಹುಡುಗರ ಆಟದಂತೆ ಕಾಣುವ ಈ ಚಳವಳಿಯ ಹಿಂದೆ ಎಷ್ಟು ದೊಡ್ಡ ಹೋರಾಟವಿತ್ತೆಂಬುದು ತಿಳಿಯುತ್ತದೆ.

ಮೊದಲನೆಯ ಮಹಾಯುದ್ಧದ ಕೊನೆಯ ವರ್ಷಗಳ ಹೊತ್ತಿಗೆ ಮೈಸೂರು ಸಂಸ್ಥಾನದ ಶಾಲೆಗಳಲ್ಲೂ ಅರಸರ ಪೋಷಣೆಯಲ್ಲಿ ಬಾಲಚರರ ದಳಗಳು ತಲೆಯೆತ್ತಿದುವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಅದು. ಶಾಲೆ, ಆಸ್ಪತ್ರೆ, ವಿದ್ಯುತ್ತು, ವಿಶ್ವವಿದ್ಯಾನಿಲಯ ಎಂದು ನಾಡು ಹೊಸ ಉತ್ಸಾಹದಿಂದ ತುಂಬಿತ್ತು. ದಂಡಿನಲ್ಲಿ ದೊರೆಯದಿದ್ದುದು ಕಬ್ಬನ್ ಪಾರ್ಕಿನ ಆಚೆಯ ಹುಡುಗರಿಗೆ ಹೀಗೆ ದೊರೆಯಿತು. ಒಂದೇ ಊರಿನಲ್ಲಿ ಎರಡು ಆಡಳಿತಗಳಿದ್ದಂತೆ ಎರಡು ಬಗೆಯ ಸ್ಕೌಟುಗಳೂ ಆದರು. ಗಂಟು ಹಾಕುವ ವಿದ್ಯೆ ಒಂದೇ, ಗಾಯಕ್ಕೆ ಪಟ್ಟಿ ಕಟ್ಟುವ ಕ್ರಮ ಒಂದೇ, ಎಡಗೈ ಚಾಚಿ ಕೈಕುಲುಕುವ ಪದ್ಧತಿಯೂ ಒಂದೇ. ಆದರೂ ಅವರಿಬ್ಬರನ್ನು ಸೋದರರೆಂದು ಕರೆಯುವುದು ಕಷ್ಟವಾಗಿದ್ದಿತು.

೧೯೨೧ರ ಆರಂಭದಲ್ಲಿ ಬೇಡನ್ ಪೊವೆಲ್ ದಂಪತಿಗಳು ಭಾರತಕ್ಕೆ ಬಂದರು. ಬೇರೆ ಬೇರೆಯಾಗಿದ್ದ ಸಂಸ್ಥೆಗಳನ್ನು ಒಂದುಗೂಡಿಸುವ ಪ್ರಯತ್ನ ನಡೆಯಿತು. ಬೆಸೆಂಟರ ಸಂಸ್ಥೆ ಮುಖ್ಯ ಸಂಸ್ಥೆಯಲ್ಲಿ ಸೇರಿಕೊಂಡಿತು. ಭಾರತೀಯ ಮಕ್ಕಳಿಗೂ ಬಾಗಿಲು ತೆರೆಯಿತು. ಸೇವಾಸಮಿತಿಯವರು ಮಾತ್ರ ಹೊರಗೇ ಉಳಿದರು. ಪ್ರತಿಜ್ಞೆಯಲ್ಲಿ ಬ್ರಿಟಿಷ್ ದೊರೆಗೆ ನಿಷ್ಠೆ ಹೇಳುವ ಮಾತಿದ್ದುದು ಅವರಿಗೆ ನುಂಗಲಾರದ ತುತ್ತಾಯಿತು. ಅವರ ದೃಷ್ಟಿಯಿಂದ ನೋಡಿ: ಮನಸ್ಸಿನಲ್ಲಿ ಒಂದನ್ನು ಇಟ್ಟುಕೊಂಡು, ಮಾನದ ಮೇಲೆ ಆಣೆಯಿಟ್ಟು ಬಾಯಲ್ಲಿ ಮತ್ತೊಂದನ್ನು ಹೇಳಿದರೆ, ಆ ಆಣೆಗೆ ಏನು ಬೆಲೆ? ಸುಳ್ಳು ಪ್ರತಿಜ್ಞೆ ಮಾಡುವುದಕ್ಕಿಂತ ಹೊರಗುಳಿಯುವುದೇ ಸ್ಕೌಟಿಗೆ ತಕ್ಕ ನಡೆ.

ಇಷ್ಟಾದರೂ ದೊಡ್ಡ ಪೆಟ್ಟು ಬೀಳುವುದು ಇನ್ನೂ ಬಾಕಿಯಿತ್ತು. ೧೯೩೭ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಜಾಂಬೂರಿ, ಎಂದರೆ ಸ್ಕೌಟುಗಳ ಮಹಾಮೇಳ, ನಡೆಯಿತು. ಎಂಬತ್ತು ವರ್ಷ ತುಂಬುವುದರಲ್ಲಿದ್ದ ಬೇಡನ್ ಪೊವೆಲ್ ಸ್ವತಃ ಅದಕ್ಕೆ ಬಂದಿದ್ದನು. ಆ ಯಾತ್ರೆಯ ಬಳಿಕ ಆತನ ಹೆಸರಿನಲ್ಲಿ ಪ್ರಕಟವಾದ ಮಾತುಗಳು ಇಲ್ಲಿನವರನ್ನು ಕೆರಳಿಸಿದುವು. ಭಾರತೀಯರಲ್ಲಿ ಶೀಲದ ಕೊರತೆಯಿದೆ, ಮಾನವೆಂಬ ಭಾವಕ್ಕೆ ಅವರ ಭಾಷೆಯಲ್ಲಿ ಸರಿಯಾದ ಪದವೂ ಇಲ್ಲ ಎಂಬುದು ಅವುಗಳ ಇಂಗಿತ. ಅಸಮಾಧಾನ ನಾಡಿನಲ್ಲೆಲ್ಲ ಹಬ್ಬಿತು. ಅನೇಕರು ಸಂಸ್ಥೆಯನ್ನು ಬಿಟ್ಟು ಹೊರಬಂದರು. ಮರುವರ್ಷ, ೧೯೩೮ರಲ್ಲಿ, ಹಿಂದೂಸ್ತಾನ್ ಸ್ಕೌಟು ಸಂಸ್ಥೆ ಹುಟ್ಟಿಕೊಂಡಿತು.

ಈ ಮಾತಿಗೆ ಕನ್ನಡಿಗರಾದ ನಾವು ಏನು ಹೇಳಬೇಕು? ಪದದ ಕೊರತೆಯೆಂದರೆ ನಮ್ಮ ಅಜ್ಜಿಯರು ನಕ್ಕಾರು. ಮಾನ, ಮರ್ಯಾದೆ, ಗೌರವ, ಅಭಿಮಾನ ಎಂದು ಎಣಿಸುತ್ತ ಹೋಗಬಹುದು. ಅಷ್ಟೇ ಅಲ್ಲ, ಕೊಟ್ಟ ಮಾತಿಗೆ ನಾವು ‘ಭಾಷೆ’ ಎಂದೇ ಹೆಸರಿಟ್ಟಿದ್ದೇವೆ. ಭಾಷೆಗೆ ತಪ್ಪುವುದು ಎಂದರೆ ಮಾತಿಗೆ ತಪ್ಪುವುದು. ನಾವಾಡುವ ನುಡಿಗೂ ನಾವು ಉಳಿಸಿಕೊಳ್ಳಬೇಕಾದ ವಚನಕ್ಕೂ ಒಂದೇ ಪದ! ಇನ್ನು ಪುಣ್ಯಕೋಟಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗುವುಂಟೇ? ಹಸಿದ ಹುಲಿಗೆ ಮಾತು ಕೊಟ್ಟ ಹಸು, ಕರುವಿಗೆ ಹಾಲೂಡಿಸಿ, ಅದನ್ನು ಒಡಹುಟ್ಟಿದವರ ಕೈಗೊಪ್ಪಿಸಿ, ಸಾವಿನ ಬಾಯಿಗೆ ತಾನಾಗಿಯೇ ನಡೆದು ಬರುತ್ತದೆ. ಸ್ಕೌಟಿನ ಮಾತನ್ನು ನಂಬಬಹುದು ಎಂಬುದು ಇಂಗ್ಲೆಂಡಿನಲ್ಲಿ ಬರೆದ ಮೊದಲನೆಯ ನಿಯಮ. ಅದನ್ನು ಓದುವುದಕ್ಕೆ ಎಷ್ಟೋ ಮೊದಲೇ ನಮ್ಮ ಮಕ್ಕಳು ಅದನ್ನು ಹಾಡಿ ಅತ್ತಿದ್ದಾರೆ.

ಆದರೆ ಕೋಪವನ್ನು ಬದಿಗಿಟ್ಟು ನೋಡಿದರೆ ಇನ್ನೊಂದು ಸೂಕ್ಷ್ಮವೂ ಕಾಣುತ್ತದೆ. ನಮ್ಮ ‘ಮಾನ’ ಎಂಬ ಮಾತಿಗೆ ಎರಡು ಮುಖಗಳಿವೆ. ನಾಲ್ಕು ಜನರೆದುರು ತಲೆ ತಗ್ಗದಿರುವುದು ಒಂದು ಮುಖ. ಯಾರೂ ನೋಡದಿದ್ದಾಗಲೂ ಕೊಟ್ಟ ಮಾತಿಗೆ ತಪ್ಪದಿರುವುದು ಎರಡನೆಯದು. ಮೊದಲನೆಯದಕ್ಕೆ ನೋಡುವವರು ಬೇಕು, ಎರಡನೆಯದಕ್ಕೆ ತನ್ನ ಮನಸ್ಸೊಂದೇ ಸಾಕು. ಪುಣ್ಯಕೋಟಿಯದು ಎರಡನೆಯ ಬಗೆಯದು. ಅದು ಮರಳಿ ಬಾರದಿದ್ದರೆ ಕೇಳುವವರೇ ಇರಲಿಲ್ಲ. ಸ್ಕೌಟಿನ ಆಣೆಯಲ್ಲಿರುವ ಮಾನವೂ ಅದೇ. ಈ ಭೇದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ವಾತಂತ್ರ್ಯದ ಹೊಸ್ತಿಲಿನಲ್ಲಿ ಗೋಡೆಗಳು ಒಂದೊಂದಾಗಿ ಉರುಳಿದುವು. ೧೯೪೭ರ ಜುಲೈಯಲ್ಲಿ ದಂಡು ಪ್ರದೇಶ ಮೈಸೂರು ರಾಜ್ಯಕ್ಕೆ ಮರಳಿತು. ೧೯೪೯ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಕುಕ್ ಟೌನಿನವರೂ ಚಾಮರಾಜಪೇಟೆಯವರೂ ಒಂದೇ ಕಾರ್ಪೊರೇಷನ್ನಿಗೆ ಕಂದಾಯ ಕಟ್ಟತೊಡಗಿದರು. ಮರುವರ್ಷವೇ ಸ್ಕೌಟು ಸಂಸ್ಥೆಗಳ ಗೋಡೆಯೂ ಬಿದ್ದಿತು. ಪ್ರಧಾನಿ ನೆಹರೂ ಮತ್ತು ವಿದ್ಯಾಮಂತ್ರಿ ಮೌಲಾನಾ ಆಜಾದರ ಒತ್ತಾಸೆಯಿಂದ ಎರಡು ಮುಖ್ಯ ಸಂಸ್ಥೆಗಳು ಸೇರಿ, ೧೯೫೦ರ ನವೆಂಬರ್ ೭ರಂದು ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಜನ್ಮತಾಳಿತು. ೧೯೫೧ರ ಆಗಸ್ಟ್ ೧೫ರಂದು ಗೈಡುಗಳ ಸಂಸ್ಥೆಯೂ ಅದರೊಳಗೆ ಬಂದಿತು. ಸೇವಾಸಮಿತಿಯ ಕಾಲದಿಂದ ಹೊರಗಿದ್ದು ಹೋರಾಡಿದ ಕುಂಜ್ರುರವರೇ ಹೊಸ ಸಂಸ್ಥೆಯ ರಾಷ್ಟ್ರೀಯ ಕಮಿಷನರ್ ಆದರು. ಪ್ರತಿಜ್ಞೆಯಲ್ಲಿ ದೊರೆಯ ಸ್ಥಾನಕ್ಕೆ ದೇಶ ಬಂದಿತು. ದೇವರು ಎಂಬ ಪದವನ್ನು ಹೇಳಲು ಮನಸ್ಸೊಪ್ಪದವರು ಧರ್ಮ ಎಂದು ಹೇಳಬಹುದೆಂಬ ಏರ್ಪಾಡೂ ಆಯಿತು. ಯಾರೂ ಸುಳ್ಳು ಆಣೆ ಇಡಬೇಕಾಗಿಲ್ಲ ಎಂಬುದೇ ಇದರ ಒಳಗಿನ ಉದ್ದೇಶ.

ಹತ್ತು ವರ್ಷಗಳ ಮೇಲೆ, ೧೯೬೦ರಲ್ಲಿ, ಮೂರನೆಯ ರಾಷ್ಟ್ರೀಯ ಜಾಂಬೂರಿ ಬೆಂಗಳೂರಿನಲ್ಲಿಯೇ ನಡೆಯಿತು. ಐವತ್ತೊಂದು ವರ್ಷಗಳ ಹಿಂದೆ ಭಾರತೀಯ ಹುಡುಗರನ್ನು ಹೊರಗಿಟ್ಟು ಚಳವಳಿ ಶುರುವಾದ ಅದೇ ಊರಿಗೆ ದೇಶದ ಎಲ್ಲ ಮೂಲೆಗಳಿಂದ ಮಕ್ಕಳು ಬಂದರು. ಆಗ ಸಂಸ್ಥೆಯ ಮುಂದಾಳುಗಳಾಗಿದ್ದವರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ವಿವಿಯನ್ ಬೋಸರು. ನ್ಯಾಯಪೀಠದಲ್ಲಿ ಕುಳಿತು ದೊಡ್ಡವರ ಸತ್ಯಾಸತ್ಯಗಳನ್ನು ತೂಗಿದವರು, ಹುಡುಗರ ಮಾತಿನಲ್ಲಿ ನಂಬಿಕೆಯಿಟ್ಟು ಬಹು ವರ್ಷಗಳನ್ನು ಈ ಚಳವಳಿಗೆ ಕೊಟ್ಟರು. ಅವರು ತಮ್ಮ ಕೊನೆಯ ದಿನಗಳನ್ನು ಕಳೆದು ೧೯೮೩ರಲ್ಲಿ ಕಣ್ಮುಚ್ಚಿದ್ದೂ ಬೆಂಗಳೂರಿನಲ್ಲಿಯೇ.

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಬೇರು ಕೊಟ್ಟವರಲ್ಲಿ ಕೊಂಡಜ್ಜಿ ಬಸಪ್ಪನವರನ್ನು ನೆನೆಯದಿದ್ದರೆ ತಪ್ಪಾದೀತು. ಸಾರ್ವಜನಿಕ ಜೀವನದಲ್ಲಿ ಹೆಸರಾಗಿದ್ದ ಅವರು ಸ್ಕೌಟು ಸಂಸ್ಥೆಯನ್ನು ತಮ್ಮ ಮನೆಯ ಮಗುವಿನಂತೆ ಸಾಕಿದರು. ಹರಿಹರದ ಬಳಿಯ ಕೊಂಡಜ್ಜಿಯಲ್ಲಿ ತರಬೇತಿಯ ಕೇಂದ್ರವಿದೆ. ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಸ್ಕೌಟು ಕಚೇರಿಯ ಸಭಾಂಗಣ ಅವರ ಹೆಸರನ್ನು ಹೊತ್ತಿದೆ. ದೊಡ್ಡಬಳ್ಳಾಪುರದ ಶಿಬಿರದ ತಾಣಕ್ಕೆ ಆನಿ ಬೆಸೆಂಟರ ಹೆಸರು. ಹೊರಗಿಟ್ಟವರಿಗೆ ಮನೆ ಕಟ್ಟಿಕೊಟ್ಟ ತಾಯಿಯ ಹೆಸರು ನಮ್ಮ ಮಕ್ಕಳು ಡೇರೆ ಹಾಕುವ ನೆಲಕ್ಕೆ ಬಂದಿರುವುದು ಒಪ್ಪುವ ಮಾತು. ಮುಂದೆ ೨೦೧೬ರ ಡಿಸೆಂಬರಿನ ಕೊನೆಯಲ್ಲಿ ಮೈಸೂರಿನ ಹತ್ತಿರ ಅಡಕನಹಳ್ಳಿಯಲ್ಲಿ ಹದಿನೇಳನೆಯ ರಾಷ್ಟ್ರೀಯ ಜಾಂಬೂರಿ ಸೇರಿತು. ೨೦೨೨ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಜರಗಿತು.

ಚರಿತ್ರೆಯ ಮಾತು ಇಷ್ಟಾಯಿತು. ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರೋಣ: ಮಾನವನ್ನು ಅಳೆಯುವವರು ಯಾರು?

ಅಮೆರಿಕದ ಸ್ಕೌಟುಗಳಲ್ಲಿ ‘ಆರ್ಡರ್ ಆಫ್ ದಿ ಆರೋ’ ಎಂಬ ಒಂದು ಗೌರವ ಬಳಗವಿದೆ. ಬಾಣವೇ ಅದರ ಲಾಂಛನ. ೧೯೧೫ರಲ್ಲಿ ಡೆಲವೇರ್ ನದಿಯ ನಡುಗಡ್ಡೆಯೊಂದರ ಬೇಸಗೆ ಶಿಬಿರದಲ್ಲಿ ಅರ್ನರ್ ಗುಡ್‌ಮನ್ ಮತ್ತು ಕ್ಯಾರಲ್ ಎಡ್ಸನ್ ಎಂಬ ಇಬ್ಬರು ತರುಣರು ಅದನ್ನು ಆರಂಭಿಸಿದರು. ಅದರ ವಿಶೇಷವೇನೆಂದರೆ, ಅದಕ್ಕೆ ಸೇರುವವನನ್ನು ಆರಿಸುವವರು ಗುರುಗಳೂ ಅಲ್ಲ, ಪರೀಕ್ಷಕರೂ ಅಲ್ಲ. ದಳದ ಹುಡುಗರೇ ಮತ ಹಾಕಿ ತಮ್ಮೊಳಗಿನ ಒಳ್ಳೆಯವನನ್ನು ಆರಿಸುತ್ತಾರೆ. ಆಯ್ಕೆಯಾದವನಿಗೆ ಔತಣವಿಲ್ಲ. ಅವನು ರಾತ್ರಿ ನಕ್ಷತ್ರಗಳ ಕೆಳಗೆ ಒಬ್ಬನೇ ಮಲಗಬೇಕು. ಮರುದಿನ ಮಿತವಾಗಿ ಉಂಡು, ಮೌನವಾಗಿದ್ದು, ಶಿಬಿರದ ಕೆಲಸಕ್ಕಾಗಿ ಬೆವರು ಸುರಿಸಬೇಕು. ಗೌರವವೆಂದರೆ ಹೆಚ್ಚಿನ ಕೆಲಸ ಎಂಬುದು ಅದರ ತಾತ್ಪರ್ಯ.

ಇಂತಹ ಬಳಗ ನಮ್ಮಲ್ಲಿಲ್ಲವಲ್ಲ ಎಂದು ಕೊರಗಬೇಕಾಗಿಲ್ಲ. ಅದರ ತಿರುಳು ಪ್ರತಿಯೊಂದು ಸ್ಕೌಟು ದಳದೊಳಗೂ ಮೊದಲಿನಿಂದಲೇ ಇದೆ. ಒಂದು ದಳವನ್ನು ಆರರಿಂದ ಎಂಟು ಮಂದಿಯ ಪಟ್ರೋಲು ಎಂಬ ಕಿರುತಂಡಗಳಾಗಿ ಹಂಚಿರುತ್ತಾರೆ. ಪ್ರತಿ ತಂಡಕ್ಕೂ ಹುಡುಗರಲ್ಲೇ ಒಬ್ಬ ನಾಯಕ. ಈ ನಾಯಕರೆಲ್ಲ ಕೂಡಿದ ಸಭೆಗೆ ‘ಕೋರ್ಟ್ ಆಫ್ ಆನರ್’ ಎಂದು ಹೆಸರು. ಮಾನಸಭೆ ಎಂದರೂ ಸಲ್ಲುತ್ತದೆ. ದಳದ ಹಣ ಹೇಗೆ ಖರ್ಚಾಗಬೇಕು, ಮುಂದಿನ ಶಿಬಿರ ಎಲ್ಲಿ, ನಿಯಮ ಮೀರಿದವನಿಗೆ ಏನು ಹೇಳಬೇಕು ಎಂಬುದನ್ನೆಲ್ಲ ಅಲ್ಲಿ ತೀರ್ಮಾನಿಸುತ್ತಾರೆ. ಸ್ಕೌಟು ಮಾಸ್ತರರು ಸಲಹೆ ಕೊಡಲು ಕುಳಿತಿರುತ್ತಾರೆಯೇ ಹೊರತು ತೀರ್ಪು ಹೇಳುವುದಿಲ್ಲ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂಬುದು ಸಂಪ್ರದಾಯ.

ಒಂದು ಉದಾಹರಣೆ ನೋಡೋಣ. ಶಿಬಿರದ ಅಡಿಗೆಯ ಲೆಕ್ಕದಲ್ಲಿ ಇಪ್ಪತ್ತು ರೂಪಾಯಿ ಕಡಿಮೆ ಬಿದ್ದಿತೆನ್ನಿ. ಶಾಲೆಯಲ್ಲಾದರೆ ಬೆತ್ತವೋ ದಂಡವೋ ಬರುತ್ತದೆ, ಹುಡುಗ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾನೆ. ಮಾನಸಭೆಯಲ್ಲಿ ಅವನ ವಯಸ್ಸಿನ ನಾಲ್ವರು ಅವನನ್ನು ಕೇಳುತ್ತಾರೆ, ಏನಾಯಿತು ಹೇಳು ಎಂದು. ಅವನು ಹೇಳಿದ್ದನ್ನು ನಂಬುತ್ತಾರೆ. ಈ ನಂಬಿಕೆಯ ಎದುರು ಸುಳ್ಳು ಹೇಳುವುದು ಬೆತ್ತದ ಎದುರು ಸುಳ್ಳು ಹೇಳಿದಷ್ಟು ಸುಲಭವಲ್ಲ. ಮಾಫೆಕಿಂಗಿನ ಹುಡುಗರಿಂದ ಕಲಿತ ಪಾಠ ಇಲ್ಲಿ ದಿನದಿನದ ಪದ್ಧತಿಯಾಗಿ ನಿಂತಿದೆ.

ಇದಲ್ಲದೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಪುರಸ್ಕಾರಗಳೂ ಇವೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅನಂತರ ರ‍ಾಜ್ಯ ಪುರಸ್ಕಾರ, ಎಲ್ಲಕ್ಕೂ ಮೇಲೆ ರಾಷ್ಟ್ರಪತಿ ಪುರಸ್ಕಾರ. ಬೆಂಗಳೂರಿನಲ್ಲಿ ಮೊದಲ ದಳ ಹುಟ್ಟಿದ ೧೯೦೯ರಲ್ಲಿಯೇ ಇಂಗ್ಲೆಂಡಿನಲ್ಲಿ ಏಳನೆಯ ಎಡ್ವರ್ಡ್ ದೊರೆ ‘ಕಿಂಗ್ಸ್ ಸ್ಕೌಟ್’ ಎಂಬ ಪದವಿಗೆ ಒಪ್ಪಿಗೆ ಕೊಟ್ಟನು. ಗಣರಾಜ್ಯವಾದ ನಮ್ಮಲ್ಲಿ ಆ ಸ್ಥಾನದಲ್ಲಿ ರಾಷ್ಟ್ರಪತಿಗಳ ರುಜುವುಳ್ಳ ಪ್ರಮಾಣಪತ್ರವಿದೆ. ಈ ಮೆಟ್ಟಿಲುಗಳನ್ನು ಏರಲು ಪ್ರಥಮ ಚಿಕಿತ್ಸೆ, ದಿಕ್ಕು ನೋಡುವುದು, ಗಂಟು ಕಟ್ಟುವುದು, ಅಡಿಗೆ, ಶಿಬಿರ ಜೀವನ, ಊರಿನ ಸೇವೆ ಎಂದು ಹಲವು ವರ್ಷಗಳ ಸಾಧನೆ ಬೇಕು. ಮಕ್ಕಳಿಗೆ ಅದು ದೊಡ್ಡ ಸಂಭ್ರಮ, ತಂದೆತಾಯಿಗಳಿಗೂ ಸಂತೋಷ.

ಆದರೆ ಇಲ್ಲಿಯೇ ಒಂದು ಎಚ್ಚರ ಬೇಕಾಗಿದೆ. ಕರ್ನಾಟಕದಲ್ಲಿ ಸಿ.ಇ.ಟಿ. ಮೂಲಕ ವೃತ್ತಿ ಶಿಕ್ಷಣದ ಕಾಲೇಜುಗಳಿಗೆ ಸೇರುವಾಗ ಸ್ಕೌಟು ಗೈಡುಗಳಿಗೆ ವಿಶೇಷ ವರ್ಗವೊಂದಿದೆ. ರೈಲ್ವೆ ಇಲಾಖೆಯ ನೇಮಕಗಳಲ್ಲೂ ಅವರಿಗಾಗಿ ಕೋಟಾ ಉಂಟು. ಇದರಲ್ಲಿ ಅನ್ಯಾಯವೇನೂ ಇಲ್ಲ. ಸೇವೆ ಮಾಡಿದವನನ್ನು ಸಮಾಜ ಗುರುತಿಸುವುದು ಸರಿಯೇ. ಆದರೂ ಸೀಟಿಗಾಗಿಯೇ ಬ್ಯಾಡ್ಜು, ಬ್ಯಾಡ್ಜಿಗಾಗಿಯೇ ಸೇವೆ ಎಂದಾಗಿಬಿಟ್ಟರೆ ಗತಿಯೇನು? ದಿನಚರಿಯ ಪುಸ್ತಕದಲ್ಲಿ ಮಾಡದ ಸೇವೆಯನ್ನು ಮಾಡಿದೆನೆಂದು ಬರೆಯುವ ಆಸೆ ಹುಟ್ಟುತ್ತದೆ. ಬರೆದದ್ದಕ್ಕೆ ದೊಡ್ಡವರು ಕಣ್ಣುಮುಚ್ಚಿ ರುಜು ಹಾಕುವ ಅಭ್ಯಾಸವಾಗುತ್ತದೆ. ಹೀಗಾದರೆ ಹುಡುಗನ ಎದೆಯ ಮೇಲೆ ಪದಕವಿರುತ್ತದೆ, ಅದರ ಕೆಳಗೆ ಇರಬೇಕಾದ್ದು ಇರುವುದಿಲ್ಲ. ನಾಲ್ಕು ಜನರೆದುರಿನ ಮಾನ ಉಳಿದು, ಯಾರೂ ನೋಡದಾಗಿನ ಮಾನ ಹೋಗುತ್ತದೆ. ನಮ್ಮಲ್ಲಿ ಮಾನಕ್ಕೆ ಪದವೇ ಇಲ್ಲವೆಂದು ಹೊರಗಿನವರು ಹೇಳಿದಾಗ ನಮಗೆ ಸಿಟ್ಟು ಬಂದಿತಷ್ಟೆ. ಪದವನ್ನು ಇಟ್ಟುಕೊಂಡು ವಸ್ತುವನ್ನು ನಾವೇ ಕಳೆದುಕೊಂಡರೆ ಯಾರ ಮೇಲೆ ಸಿಟ್ಟಾಗೋಣ?

ಮಗು ಶಿಬಿರದಿಂದ ಮನೆಗೆ ಬಂದಾಗ ಎಷ್ಟು ಬ್ಯಾಡ್ಜು ಬಂತು ಎಂದು ನಾವು ಸಾಮಾನ್ಯವಾಗಿ ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ನಿನ್ನ ತಂಡದವರು ಯಾವ ಕೆಲಸವನ್ನು ನಿನಗೆ ನಂಬಿ ಒಪ್ಪಿಸಿದರು? ನೀರು ಕಾಯಿಸುವ ಕೆಲಸವೋ, ಚಿಕ್ಕವನೊಬ್ಬನನ್ನು ಕತ್ತಲಲ್ಲಿ ಡೇರೆಗೆ ಕರೆದುತರುವ ಕೆಲಸವೋ, ದುಡ್ಡಿನ ಚೀಲವೋ ಏನಾದರೂ ಇರಲಿ. ಆ ಪ್ರಶ್ನೆಗೆ ಮಗುವಿನ ಬಳಿ ಉತ್ತರವಿದ್ದರೆ ಸ್ಕೌಟು ಶಿಕ್ಷಣ ಸಾರ್ಥಕವಾಯಿತೆಂದು ತಿಳಿಯಿರಿ.

೧೯೦೯ರಲ್ಲಿ ಈ ಊರಿನಲ್ಲಿ ಮಾನದ ಗೆರೆಯನ್ನು ಹುಟ್ಟು ನಿರ್ಧರಿಸುತ್ತಿತ್ತು. ಅದನ್ನು ಅಳಿಸಲು ನಲವತ್ತು ವರ್ಷಗಳಿಗೂ ಮೀರಿದ ಶ್ರಮ ಬೇಕಾಯಿತು. ಮಾಳವೀಯ, ವಾಜಪೇಯಿ, ಬೆಸೆಂಟ್, ಕುಂಜ್ರು ಮುಂತಾದವರ ಜೊತೆಗೆ ಹೆಸರು ತಿಳಿಯದ ಎಷ್ಟೋ ಶಾಲಾ ಮಾಸ್ತರರು ಅದಕ್ಕಾಗಿ ದುಡಿದರು. ಇಂದು ಕುಕ್ ಟೌನಿನ ಯಾವ ಮನೆಯ ಮಗುವೇ ಆಗಲಿ, ಮನೆಯಲ್ಲಿ ಆಡುವ ಮಾತು ಯಾವುದೇ ಇರಲಿ, ಬೂದುಬಣ್ಣದ ಅಂಗಿ ತೊಟ್ಟು, ಕೊರಳಿಗೆ ಸ್ಕಾರ್ಫ್ ಕಟ್ಟಿ, ಮೂರು ಬೆರಳನ್ನೆತ್ತಿ ನಿಲ್ಲಬಹುದು. ಅದರ ಮಾತನ್ನು ನಂಬುವ ಹೊಣೆ ದೊಡ್ಡವರಾದ ನಮ್ಮದು; ಆ ನಂಬಿಕೆಗೆ ತಕ್ಕಂತೆ ನಡೆಯುವ ಹೊಣೆ ಆ ಮಗುವಿನದು.